ಕೀಲುಗಳೊಳಗಿನ ಕಿಚ್ಚು

ಮಾನವನ ಕೈಯಷ್ಟು ಚತುರವಾದ ಯಂತ್ರವನ್ನು ಇನ್ನೂ ಯಾವ ಶಿಲ್ಪಿಯೂ ನಿರ್ಮಿಸಿಲ್ಲ. ಮಣಿಕಟ್ಟು, ಅಂಗೈ, ಬೆರಳುಗಳು ಸೇರಿದ ಒಂದು ಕೈಯಲ್ಲಿ ೨೭ ಎಲುಬುಗಳಿವೆ. ಅವುಗಳ ನಡುವಣ ಕೀಲುಗಳು ಬೆಳಗಿನಿಂದ ರಾತ್ರಿಯವರೆಗೆ ಸದ್ದಿಲ್ಲದೆ ದುಡಿಯುತ್ತಿರುತ್ತವೆ. ಸೂಜಿಗೆ ದಾರ ಪೋಣಿಸುವುದು, ರಂಗೋಲಿಯ ಎಳೆ ಬಿಡುವುದು, ವೀಣೆಯ ತಂತಿ ಮೀಟುವುದು, ಹಸುವಿನ ಹಾಲು ಕರೆಯುವುದು, ಇವೆಲ್ಲವೂ ಆ ಕೀಲುಗಳ ಕೃಪೆಯೇ ಸರಿ. ಅವು ನೆಟ್ಟಗಿರುವವರೆಗೆ ನಾವು ಅವುಗಳನ್ನು ನೆನೆಯುವುದೇ ಇಲ್ಲ. ಒಂದು ದಿನ ಬೆಳಗ್ಗೆ ಎದ್ದಾಗ ಬೆರಳು ಮಡಿಸಲು ಬಾರದೆ, ಲೋಟ ಹಿಡಿಯಲಾರದೆ, ಅಂಗಿಯ ಗುಂಡಿ ಹಾಕಲಾರದೆ ಹೋದಾಗ ಮಾತ್ರ ಅವುಗಳ ಬೆಲೆ ನಮಗೆ ಅರಿವಾಗುತ್ತದೆ.

ಫ್ರಾನ್ಸ್ ದೇಶದ ವಿಖ್ಯಾತ ಚಿತ್ರಕಾರನಾದ ರೆನ್ವಾರನಿಗೆ ಆ ಬೆಲೆ ಅರಿವಾದುದು ಐವತ್ತರ ಆಸುಪಾಸಿನಲ್ಲಿ. ವರ್ಷ ವರ್ಷಕ್ಕೂ ಅವನ ಕೀಲುಗಳು ಬಿಗಿಯುತ್ತ ಬಂದವು. ಬೆರಳುಗಳು ಅಂಗೈಯೊಳಕ್ಕೆ ಮಡಿಚಿಕೊಂಡವು. ಅಂಗೈಯ ಚರ್ಮ ಗಾಯವಾಗದಿರಲೆಂದು ಬಟ್ಟೆಯ ಪಟ್ಟಿಯನ್ನು ಸುತ್ತಬೇಕಾಯಿತು. ಕೊನೆಯ ವರ್ಷಗಳನ್ನು ಅವನು ಗಾಲಿಕುರ್ಚಿಯಲ್ಲಿಯೇ ಕಳೆದನು. ಕುಂಚವನ್ನು ಬೇರೆಯವರು ಅವನ ಬೆರಳುಗಳ ನಡುವೆ ಇರಿಸಿಕೊಡಬೇಕಾಗಿತ್ತು. ಆ ಸ್ಥಿತಿಯಲ್ಲಿಯೂ ಅವನು ಚಿತ್ರ ಬರೆಯುತ್ತಿದ್ದುದನ್ನು ೧೯೧೫ರಲ್ಲಿ ತೆಗೆದ ಒಂದು ಚಲಚ್ಚಿತ್ರದಲ್ಲಿ ಇಂದಿಗೂ ಕಾಣಬಹುದು. ೧೯೧೯ರಲ್ಲಿ ತೀರಿಕೊಳ್ಳುವವರೆಗೂ ಅವನು ಕುಂಚವನ್ನು ಬಿಡಲಿಲ್ಲ.

ರೆನ್ವಾರನ ಛಲವನ್ನು ನಾವು ಮೆಚ್ಚಬೇಕಾದುದೇ. ಆದರೆ ಅವನಿಗೆ ಕೀರ್ತಿಯಿತ್ತು, ಹಣವಿತ್ತು, ಕೈಗೆ ಕೈ ಕೊಡುವ ಜನರಿದ್ದರು. ಅದೇ ರೋಗದಿಂದ ಮೂಲೆ ಹಿಡಿದ ನೇಯ್ಗೆಯವನ, ಕೂಲಿಯಾಳಿನ, ಗೃಹಿಣಿಯ ಕಥೆಯನ್ನು ಯಾರೂ ಚಿತ್ರಿಸಲಿಲ್ಲ. ಈ ರೋಗದ ಹೆಸರು ರುಮಟಾಯ್ಡ್ ಸಂಧಿವಾತ. ಬಹುಕಾಲ ಜಗತ್ತು ಅಲಕ್ಷಿಸಿದ ಈ ರೋಗವು ಹೇಗೆ ವಿಜ್ಞಾನದ ಗಮನಕ್ಕೆ ಬಂದಿತು, ಆ ಗಮನದಿಂದ ರೋಗಿಗಳಿಗೆ ಏನು ಲಭಿಸಿತು, ಇನ್ನೂ ಏನು ಲಭಿಸಬೇಕಾಗಿದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಾವಲುಗಾರರೇ ಕದನಕ್ಕೆ ನಿಂತಾಗ

ಕಾಲಿಗೆ ಮುಳ್ಳು ನೆಟ್ಟಾಗ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಆ ಜಾಗ ಕೆಂಪಗಾಗುತ್ತದೆ, ಬಿಸಿಯೇರುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬಾತನು ಬರೆದಿಟ್ಟಿದ್ದನು. ಇದಕ್ಕೆ ಉರಿಯೂತವೆಂದು ಹೆಸರು. ಊರಿಗೆ ಕಳ್ಳರು ನುಗ್ಗಿದಾಗ ಕಾವಲುಗಾರರು ಪಂಜು ದೊಣ್ಣೆಗಳನ್ನು ಹಿಡಿದು ಓಡಿಬರುವಂತೆ, ರೋಗಾಣುಗಳು ಹೊಕ್ಕ ಸ್ಥಳಕ್ಕೆ ಬಿಳಿಯ ರಕ್ತಕಣಗಳು ಧಾವಿಸಿ ಬರುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ದ್ರವ ಒಸರುತ್ತದೆ, ಕಾಳಗ ನಡೆಯುತ್ತದೆ. ಕೆಲಸ ಮುಗಿದೊಡನೆ ಕಾವಲುಗಾರರು ಹಿಂದಿರುಗುತ್ತಾರೆ, ಗಾಯ ಮಾಯುತ್ತದೆ. ಉರಿಯೂತವು ಹೀಗೆ ನಮ್ಮ ಮಿತ್ರನೇ ಹೊರತು ಶತ್ರುವಲ್ಲ.

ಆದರೆ ಕಾವಲುಗಾರರು ಮನೆಯ ಯಜಮಾನನನ್ನೇ ಕಳ್ಳನೆಂದು ಭ್ರಮಿಸಿದರೆ? ಅಷ್ಟೇ ಅಲ್ಲ, ಹಿಂದಿರುಗದೆ ಅಲ್ಲಿಯೇ ಬೀಡುಬಿಟ್ಟು ವರ್ಷಗಟ್ಟಲೆ ದೊಣ್ಣೆ ಬೀಸುತ್ತಿದ್ದರೆ? ರುಮಟಾಯ್ಡ್ ಸಂಧಿವಾತದಲ್ಲಿ ನಡೆಯುವುದು ಅದೇ.

ಎಲುಬುಗಳ ತುದಿಗಳು ಕೀಲಿನಲ್ಲಿ ಒಂದನ್ನೊಂದು ನೇರವಾಗಿ ಉಜ್ಜುವುದಿಲ್ಲ. ಅವುಗಳ ಮೇಲೆ ಗಾಜಿನಂತೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲಿನ ಚೀಲದ ಒಳಮೈಗೆ ಅತಿ ತೆಳುವಾದ ಪೊರೆಯೊಂದು ಹರಡಿಕೊಂಡಿರುತ್ತದೆ. ಆರೋಗ್ಯವಂತರಲ್ಲಿ ಈ ಪೊರೆಯ ಒಳಪದರವು ಒಂದೆರಡು ಜೀವಕೋಶಗಳಷ್ಟು ಮಾತ್ರ ದಪ್ಪ. ಬಂಡಿಯ ಅಚ್ಚಿಗೆ ಕೀಲೆಣ್ಣೆಯಿದ್ದಂತೆ, ಕೀಲುಗಳಿಗೆ ಬೇಕಾದ ಜಾರುದ್ರವವನ್ನು ಸ್ರವಿಸುವುದು ಇದರ ಕೆಲಸ. ರೋಗವು ಮೊದಲು ಮುತ್ತುವುದು ಈ ಪೊರೆಯನ್ನು. ಬಿಳಿಯ ರಕ್ತಕಣಗಳು ತಂಡತಂಡವಾಗಿ ಇದರೊಳಗೆ ನುಗ್ಗುತ್ತವೆ. ಪೊರೆ ದಪ್ಪವಾಗಿ, ಮಡಿಕೆ ಮಡಿಕೆಯಾಗಿ ಬೆಳೆದು, ಗೋಡೆಯ ಮೇಲೆ ಬಳ್ಳಿ ಹಬ್ಬುವಂತೆ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಅದರಿಂದ ಹೊರಬೀಳುವ ಕಿಣ್ವಗಳು ಮೃದ್ವಸ್ಥಿಯನ್ನು ಕರಗಿಸುತ್ತವೆ, ಎಲುಬನ್ನು ಕೊರೆಯುತ್ತವೆ. ಕೀಲನ್ನು ಬಿಗಿದಿಡುವ ಕಟ್ಟುಗಳು ಸಡಿಲವಾಗಿ ಬೆರಳುಗಳು ಓರೆಯಾಗುತ್ತವೆ. ಒಮ್ಮೆ ಕೊರೆದುಹೋದ ಎಲುಬು ಮತ್ತೆ ಮೊದಲಿನಂತಾಗುವುದಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವುದಕ್ಕೆಲ್ಲ ಇದೇ ಆಧಾರ.

ವೃದ್ಧಾಪ್ಯದಲ್ಲಿ ಮೊಣಕಾಲು ಸವೆದು ಬರುವ ನೋವೇ ಬೇರೆ, ಈ ರೋಗವೇ ಬೇರೆ. ಸವೆತದ ನೋವು ಬಹುಮಟ್ಟಿಗೆ ನಡೆದಾಡಿದಾಗ ಹೆಚ್ಚುತ್ತದೆ, ವಿಶ್ರಾಂತಿಯಿಂದ ತಗ್ಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಬೆಳಗ್ಗೆ ಎದ್ದಾಗಲೇ ಬಿಗಿತ ಹೆಚ್ಚು. ಇದು ಮುದುಕರ ರೋಗವೂ ಅಲ್ಲ. ಮೂವತ್ತು ನಲವತ್ತರ ವಯಸ್ಸಿನವರಿಗೂ, ಇನ್ನೂ ಎಳೆಯರಿಗೂ ಬರಬಹುದು. ಕಿಚ್ಚು ಕೀಲುಗಳಿಗಷ್ಟೇ ಸೀಮಿತವೂ ಅಲ್ಲ. ಶ್ವಾಸಕೋಶ, ಕಣ್ಣು, ರಕ್ತನಾಳಗಳಿಗೂ ಅದರ ಬೇಗೆ ತಗಲುವುದುಂಟು. ಹೃದ್ರೋಗದ ಅಪಾಯವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೧೯ರಲ್ಲಿ ಜಗತ್ತಿನ ಒಂದು ಕೋಟಿ ಎಂಬತ್ತು ಲಕ್ಷ ಜನ ಈ ರೋಗದಿಂದ ಬಳಲುತ್ತಿದ್ದರು. ಅವರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಹೆಂಗಸರು. ದೆಹಲಿಗೆ ಸಮೀಪದ ಬಲ್ಲಭಗಡದ ಹಳ್ಳಿಗಳಲ್ಲಿ ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ನೂರಕ್ಕೆ ೦.೭೫ ಮಂದಿಗೆ ಈ ರೋಗವಿರುವುದು ಕಂಡುಬಂದಿತು. ಎಂದರೆ, ನಾಲ್ಕು ನೂರು ಮಂದಿ ವಯಸ್ಕರಿರುವ ಒಂದು ಹಳ್ಳಿಯಲ್ಲಿ ಮೂವರಿಗೆ ಇದು ಇರಬಹುದೆಂದಾಯಿತು.

ಕೊಲ್ಲದ ರೋಗಕ್ಕೆ ಕರುಣೆಯಿಲ್ಲ

ಭಾರತದ ವೈದ್ಯರಿಗೆ ಇದನ್ನು ಹೋಲುವ ವ್ಯಾಧಿಯು ಅಪರಿಚಿತವಾಗಿರಲಿಲ್ಲ. ಮಾಧವನಿದಾನವೆಂಬ ಪ್ರಾಚೀನ ಗ್ರಂಥದಲ್ಲಿ ಆಮವಾತವೆಂಬ ಹೆಸರಿನಿಂದ ಕೀಲುಗಳ ಊತ, ನೋವು, ಬಿಗಿತಗಳ ವರ್ಣನೆಯಿದೆ. ಪಾಶ್ಚಾತ್ಯ ವೈದ್ಯದಲ್ಲಿ ಕ್ರಿ. ಶ. ೧೮೦೦ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೆ ಎಂಬ ತರುಣ ವೈದ್ಯನು ಅಲ್ಲಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಒಂಬತ್ತು ಮಂದಿ ಬಡ ಹೆಂಗಸರನ್ನು ಪರೀಕ್ಷಿಸಿ, ಇದನ್ನು ಕುರಿತು ತನ್ನ ಪ್ರಬಂಧವನ್ನು ಬರೆದನು. ಶ್ರೀಮಂತ ಪುರುಷರನ್ನು ಕಾಡುತ್ತಿದ್ದ ಗೌಟ್ ಎಂಬ ಕೀಲುರೋಗದ ಒಂದು ಬಗೆಯೇ ಇದೆಂದು ಆತನು ಭಾವಿಸಿದ್ದನು. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಅಧಿಕವಾಗಿರುವುದನ್ನು ತೋರಿಸಿದ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ಡನು ಇವೆರಡನ್ನೂ ಬೇರ್ಪಡಿಸಿ, ೧೮೫೯ರಲ್ಲಿ ಈ ರೋಗಕ್ಕೆ ಇಂದಿನ ಹೆಸರನ್ನು ಕೊಟ್ಟನು.

ಹೆಸರೇನೋ ಬಂದಿತು, ಚಿಕಿತ್ಸೆ ಬರಲಿಲ್ಲ. ಪ್ಲೇಗು ಕಾಲರಾಗಳು ಊರಿಗೆ ಕಾಲಿಟ್ಟರೆ ಸರಕಾರಗಳು ನಡುಗುತ್ತಿದ್ದವು. ಸಂಧಿವಾತವು ಯಾರನ್ನೂ ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ; ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ರೋಗಿಯು ಬೀದಿಗೆ ಬರಲಾರದೆ ಮನೆಯೊಳಗೆ ಕುಳಿತುಬಿಡುವುದರಿಂದ ಊರವರ ಕಣ್ಣಿಗೂ ಬೀಳುವುದಿಲ್ಲ. “ವಾತ, ಹೋಗುವುದಲ್ಲ” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹೀಗೆ ಇದು ಕಾಣದ ರೋಗವಾಗಿ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ವೈದ್ಯರು ಇದರ ಮೂಲವನ್ನು ಹಲ್ಲಿನ ಬುಡದಲ್ಲಿಯೋ ಗಂಟಲಿನಲ್ಲಿಯೋ ಅಡಗಿದ ಸೋಂಕಿನಲ್ಲಿ ಹುಡುಕುತ್ತಿದ್ದರು. ಆ ನಂಬಿಕೆಯ ದೆಸೆಯಿಂದ ಅಸಂಖ್ಯಾತ ರೋಗಿಗಳು ತಮ್ಮ ಒಳ್ಳೆಯ ಹಲ್ಲುಗಳನ್ನು ಕಳೆದುಕೊಂಡರು. ಕೀಲುನೋವು ಮಾತ್ರ ಹಾಗೆಯೇ ಉಳಿಯಿತು.

ಈ ಅಲಕ್ಷ್ಯವನ್ನು ಹೋಗಲಾಡಿಸಲು ೧೯೩೬ರಲ್ಲಿ ಬ್ರಿಟನ್ನಿನಲ್ಲಿ ಎಂಪೈರ್ ರುಮಾಟಿಸಂ ಕೌನ್ಸಿಲ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಈ ರೋಗಗಳನ್ನು ಕುರಿತು ಜನರಿಗೆ ತಿಳಿವಳಿಕೆ ಕೊಡುವುದು, ಸಾರ್ವಜನಿಕರಿಂದ ಹಣ ಕೂಡಿಸಿ ಸಂಶೋಧನೆಗೆ ಒದಗಿಸುವುದು ಅದರ ಗುರಿ. ಅಮೆರಿಕದಲ್ಲಿ ೧೯೪೮ರಲ್ಲಿ ಇಂತಹದೇ ಒಂದು ಪ್ರತಿಷ್ಠಾನ ಏರ್ಪಟ್ಟಿತು. ಅದೇ ವರ್ಷ, ಜಗತ್ತು ಬೆರಗಾಗುವಂತಹ ಘಟನೆಯೊಂದೂ ನಡೆಯಿತು.

ಸಂತೋಷ ಮತ್ತು ನಿರಾಶೆ

ಅಮೆರಿಕದ ರಾಚೆಸ್ಟರ್ ನಗರದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನಿದ್ದನು. ೧೯೨೯ರಲ್ಲಿ ಅವನ ಬಳಿಗೆ ಬಂದ ೬೫ ವರ್ಷದ ರೋಗಿಯೊಬ್ಬನು, ತನಗೆ ಕಾಮಾಲೆಯಾದೊಡನೆ ಕೀಲುನೋವು ಮಾಯವಾಯಿತೆಂದು ಹೇಳಿದನು. ಬೇರೆಯವರಾಗಿದ್ದರೆ ಕಾಕತಾಳೀಯವೆಂದು ನಕ್ಕು ಬಿಡುತ್ತಿದ್ದರೇನೊ. ಹೆಂಚನು ಹಾಗೆ ಮಾಡಲಿಲ್ಲ. ಗರ್ಭಿಣಿಯರಲ್ಲಿಯೂ ಈ ನೋವು ತಗ್ಗುವುದನ್ನು ಅವನು ಗಮನಿಸಿದನು. ದೇಹದೊಳಗೇ ಇರುವ ಯಾವುದೋ ಒಂದು ದ್ರವ್ಯವು ಇದಕ್ಕೆ ಕಾರಣವಾಗಿರಬೇಕೆಂದು ಊಹಿಸಿದನು. ಅದೇ ಊರಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞನು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಹಲವು ವಸ್ತುಗಳನ್ನು ಬೇರ್ಪಡಿಸುತ್ತಿದ್ದನು. ಅವುಗಳಲ್ಲೊಂದೇ ಮುಂದೆ ಕಾರ್ಟಿಸೋನ್ ಎಂದು ಹೆಸರಾಯಿತು. ಎತ್ತಿನ ಪಿತ್ತದಿಂದ ಆರಂಭಿಸಿ, ಹಲವಾರು ರಾಸಾಯನಿಕ ಹಂತಗಳನ್ನು ದಾಟಿ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಬೇಕಾಗಿತ್ತು.

೧೯೪೮ರ ಸೆಪ್ಟೆಂಬರ್ ೨೧ರಂದು ೨೯ ವರ್ಷದ ಒಬ್ಬ ಹೆಂಗಸಿಗೆ ಇದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಹಾಸಿಗೆಯಲ್ಲಿ ಹೊರಳಲೂ ಆರದಿದ್ದ ಆಕೆಯು ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಒಂದು ವಾರದೊಳಗೆ ಪೇಟೆಗೆ ಹೋಗಿ ಮೂರು ಗಂಟೆಗಳ ಕಾಲ ಸುತ್ತಾಡಿ ಬಂದಳು. ಎರಡೇ ವರ್ಷಗಳಲ್ಲಿ, ೧೯೫೦ರಲ್ಲಿ, ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಅಮೆರಿಕದ ಸರಕಾರವು ಸಂಧಿವಾತದ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಕಾನೂನಿನ ಮೂಲಕ ಸ್ಥಾಪಿಸಿತು.

ಆದರೆ ಸಂತೋಷ ಬಹುಕಾಲ ನಿಲ್ಲಲಿಲ್ಲ. ಔಷಧವನ್ನು ನಿಲ್ಲಿಸಿದೊಡನೆ ರೋಗ ಮರುಕಳಿಸಿತು. ನಿಲ್ಲಿಸದೆ ಮುಂದುವರಿಸಿದರೆ ಮುಖ ದುಂಡಗೆ ಊದಿತು, ಎಲುಬುಗಳು ಟೊಳ್ಳಾದವು, ರಕ್ತದ ಒತ್ತಡವೂ ಸಕ್ಕರೆಯೂ ಏರಿದವು, ಸೋಂಕುಗಳು ಮುತ್ತಿದವು. ಬ್ರಿಟನ್ನಿನ ವೈದ್ಯರು ಕಾರ್ಟಿಸೋನನ್ನು ಹಳೆಯ ಆಸ್ಪಿರಿನ್ನಿನೊಡನೆ ಹೋಲಿಸಿ ನಡೆಸಿದ ಪ್ರಯೋಗದ ಫಲಿತಾಂಶವು ೧೯೫೪ರಲ್ಲಿ ಹೊರಬಿದ್ದಿತು. ಒಂದು ವರ್ಷದ ಕೊನೆಗೆ ಎರಡು ಗುಂಪುಗಳ ರೋಗಿಗಳಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಈ ವರ್ಗದ ಔಷಧಗಳಾದ ಸ್ಟೆರಾಯ್ಡುಗಳು ಇಂದಿಗೂ ಉಪಯೋಗದಲ್ಲಿವೆ. ಆದರೆ ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಪವಾಡವೆಂಬಂತೆ ಕಂಡುದನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕೆಂಬುದು ವಿಜ್ಞಾನವು ಇಲ್ಲಿ ಕಲಿತ ಪಾಠ.

ಭೀಮವರದ ರಸಾಯನಜ್ಞ

ಇಷ್ಟರಲ್ಲಿ ಮತ್ತೊಂದು ಔಷಧವು ಸದ್ದಿಲ್ಲದೆ ಜನ್ಮ ತಾಳಿತ್ತು. ಅದರ ಹಿಂದೆ ಇದ್ದವರು ನಮ್ಮ ದೇಶದವರೇ. ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಮದರಾಸಿನಲ್ಲಿ ವೈದ್ಯ ಕಲಿತು ಅಮೆರಿಕಕ್ಕೆ ಹೋಗಿ, ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ೧೯೪೦ರ ದಶಕದಲ್ಲಿ ಅವರ ತಂಡವು ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಕೃತಕವಾಗಿ ತಯಾರಿಸಿತು. ಆ ಮೇಲೆ, ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ, ಅದರಂತೆಯೇ ಕಾಣುವ ವಸ್ತುಗಳನ್ನೂ ತಯಾರಿಸಿತು. ಇವು ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಉಪಯೋಗಕ್ಕೆ ಬಂದವು. ಅವುಗಳಲ್ಲೊಂದರ ಹೆಸರು ಮೆಥೊಟ್ರೆಕ್ಸೇಟ್. ಸುಬ್ಬರಾಯರು ೧೯೪೮ರಲ್ಲಿ ಕಾಲವಾದರು.

ಮೂರು ವರ್ಷಗಳ ತರುವಾಯ ಇದೇ ಗುಂಪಿನ ಔಷಧವೊಂದು ಕೀಲುಗಳ ಉರಿಯೂತವನ್ನೂ ತಗ್ಗಿಸುತ್ತದೆಂದು ಅಮೆರಿಕದ ಗಬ್ನರನು ವರದಿ ಮಾಡಿದನು. ಆದರೆ ಆಗ ಎಲ್ಲರ ಕಣ್ಣೂ ಕಾರ್ಟಿಸೋನಿನ ಮೇಲಿತ್ತು. ೧೯೮೫ರಲ್ಲಿ ಕಟ್ಟುನಿಟ್ಟಾದ ಪ್ರಯೋಗಗಳು ನಡೆದು ಫಲಿತಾಂಶಗಳು ಪ್ರಕಟವಾದ ಮೇಲೆಯೇ ಮೆಥೊಟ್ರೆಕ್ಸೇಟಿನ ಮಹತ್ವ ಮನದಟ್ಟಾದುದು. ೧೯೮೮ರಲ್ಲಿ ಅಮೆರಿಕದ ಸರಕಾರವು ಈ ರೋಗಕ್ಕೆ ಅದನ್ನು ಅಂಗೀಕರಿಸಿತು. ಇಂದು ಜಗತ್ತಿನಾದ್ಯಂತ ವೈದ್ಯರು ಮೊದಲು ಕೈಗೆತ್ತಿಕೊಳ್ಳುವ ಔಷಧ ಇದೇ. ಬೆಲೆಯೂ ಅಗ್ಗ. ಇದನ್ನು ಸೇವಿಸುವವರಿಗೆ ತೊಂದರೆ ತಟ್ಟದಿರಲೆಂದು ಫೋಲಿಕ್ ಆಮ್ಲವನ್ನೂ ಕೊಡುವುದು ವಾಡಿಕೆ. ಒಂದೇ ಪ್ರಯೋಗಾಲಯದ ಎರಡು ಕೃತಿಗಳು ಹೀಗೆ ಒಬ್ಬ ರೋಗಿಯ ಅಂಗೈಯಲ್ಲಿ ಮತ್ತೆ ಜೊತೆಗೂಡುತ್ತವೆ. ಔಷಧ ಕೈಯಲ್ಲಿದ್ದರೂ ಅದನ್ನು ಪರೀಕ್ಷಿಸಿ ನೋಡುವವರಿಲ್ಲದೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದುಹೋಯಿತೆಂಬುದು ಮಾತ್ರ ನೋವಿನ ಸಂಗತಿ. ಸಂಶೋಧನೆಗೆ ಬೆಂಬಲವಿಲ್ಲದಿದ್ದರೆ ಆಗುವ ನಷ್ಟ ಎಷ್ಟೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಒಂದು ದಾನದ ಫಲ

ಬೆಂಬಲ ದೊರೆತಾಗ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಬ್ರಿಟನ್ನಿನ ಟೆರೆನ್ಸ್ ಮತ್ತು ಮಟಿಲ್ಡಾ ಕೆನಡಿ ದಂಪತಿಗಳ ದಾನದಿಂದ ೧೯೬೫ರಲ್ಲಿ ಲಂಡನ್ನಿನಲ್ಲಿ ಕೀಲುರೋಗಗಳ ಸಂಶೋಧನೆಗೆಂದೇ ಕೆನಡಿ ಸಂಸ್ಥೆಯು ಸ್ಥಾಪಿತವಾಯಿತು. ಎಂಪೈರ್ ಕೌನ್ಸಿಲ್ಲಿನ ಉತ್ತರಾಧಿಕಾರಿಯಾದ ಸಂಸ್ಥೆಯೂ ಜನರಿಂದ ಕೂಡಿಸಿದ ಹಣವನ್ನು ಈ ಬಗೆಯ ಸಂಶೋಧನೆಗೆ ಒದಗಿಸುತ್ತ ಬಂದಿತು. ಕೂಡಲೇ ಫಲ ಬರಲಿಲ್ಲ. ಯಾರೂ ಅದಕ್ಕಾಗಿ ಅವಸರಪಡಿಸಲೂ ಇಲ್ಲ.

೧೯೮೦ರ ದಶಕದಲ್ಲಿ ಲಂಡನ್ನಿನಲ್ಲಿ ಇಬ್ಬರು ವಿಜ್ಞಾನಿಗಳು ಜೊತೆಗೂಡಿದರು. ಒಬ್ಬನು ಆಸ್ಟ್ರೇಲಿಯದಲ್ಲಿ ಬೆಳೆದ ಮಾರ್ಕ್ ಫೆಲ್ಡ್‌ಮನ್. ಇನ್ನೊಬ್ಬರು ಪಂಜಾಬಿನ ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಬಿಳಿಯ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವುಗಳಿಗೆ ಸೈಟೊಕೈನುಗಳೆಂದು ಹೆಸರು. ಕಾವಲುಗಾರರು ಊದುವ ಕೊಂಬುಕಹಳೆಗಳೆಂದು ಇವನ್ನು ತಿಳಿಯಬಹುದು. ರೋಗ ಹಿಡಿದ ಕೀಲಿನಲ್ಲಿ ಇಂತಹ ಹತ್ತಾರು ಕಹಳೆಗಳು ಏಕಕಾಲದಲ್ಲಿ ಮೊಳಗುತ್ತಿದ್ದವು. ಒಂದನ್ನು ಅಡಗಿಸಿದರೆ ಉಳಿದವು ಸುಮ್ಮನಾಗುವುವೇ? ಸಾಧ್ಯವಿಲ್ಲವೆಂಬುದೇ ಹೆಚ್ಚಿನವರ ಅಭಿಪ್ರಾಯವಾಗಿತ್ತು.

ಇವರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ದೊರೆತ ರೋಗಿಗಳ ಕೀಲುಪೊರೆಯ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸಿದರು. ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಸಂಕ್ಷೇಪವಾಗಿ ಟಿ. ಎನ್. ಎಫ್. ಎಂಬ ಒಂದನ್ನು ಪ್ರತಿಕಾಯದಿಂದ ತಡೆದಾಗ, ಮತ್ತೊಂದು ಪ್ರಬಲ ಸೈಟೊಕೈನಿನ ಉತ್ಪತ್ತಿಯೂ ಇಳಿದುಹೋಯಿತು. ಹತ್ತಾರು ಕಹಳೆಗಳಲ್ಲಿ ಮುಂಚೂಣಿಯದು ಇದೇ ಎಂದಾಯಿತು! ೧೯೮೯ರಲ್ಲಿ ಇದು ಪ್ರಕಟವಾಯಿತು. ಬಳಿಕ ಇಲಿಗಳ ಮೇಲೆ ಪ್ರಯೋಗವೂ ಫಲಿಸಿತು. ೧೯೯೨ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಔಷಧಗಳಿಂದ ಗುಣ ಕಾಣದಿದ್ದ ೨೦ ಮಂದಿ ರೋಗಿಗಳಿಗೆ ಟಿ. ಎನ್. ಎಫ್. ತಡೆಯುವ ಪ್ರತಿಕಾಯವನ್ನು ಕೊಡಲು ಆರಂಭಿಸಿದರು. ಅವರ ನೋವು, ಊತ, ಆಯಾಸಗಳು ಶೀಘ್ರವಾಗಿ ಇಳಿದವು.

ಕಾರ್ಟಿಸೋನಿನ ಪಾಠ ಮರೆತಿರಲಿಲ್ಲ. ಆದ್ದರಿಂದ ಇದನ್ನೂ ತಕ್ಕಡಿಗೆ ಹಾಕಿದರು. ೭೩ ಮಂದಿ ರೋಗಿಗಳನ್ನು ಮೂರು ಗುಂಪು ಮಾಡಿ, ಯಾರಿಗೆ ಏನು ಕೊಡಲಾಗಿದೆಯೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಪ್ರಯೋಗ ನಡೆಯಿತು. ೧೯೯೪ರಲ್ಲಿ ಫಲಿತಾಂಶ ಬಂದಿತು. ಔಷಧವಿಲ್ಲದ ಹುಸಿದ್ರಾವಣ ಪಡೆದ ೨೪ ಮಂದಿಯಲ್ಲಿ ಇಬ್ಬರಿಗೆ ಮಾತ್ರ, ಹೆಚ್ಚಿನ ಪ್ರಮಾಣದ ಔಷಧ ಪಡೆದ ೨೪ ಮಂದಿಯಲ್ಲಿ ೧೯ ಮಂದಿಗೆ, ನಾಲ್ಕು ವಾರಗಳಲ್ಲಿ ಗುಣ ಕಂಡಿತ್ತು. ೧೯೯೮ರಿಂದ ಈಚೆಗೆ ಈ ವರ್ಗದ ಔಷಧಗಳು ಒಂದೊಂದಾಗಿ ಬಳಕೆಗೆ ಬಂದವು. ಕರುಳಿನ ಕ್ರೋನ್ ರೋಗ, ಬೆನ್ನುಮೂಳೆಯನ್ನು ಬಿಗಿಸುವ ಸಂಧಿವಾತ, ಚರ್ಮದ ಸೋರಿಯಾಸಿಸ್ ಮೊದಲಾದ ಬೇರೆ ಉರಿಯೂತಗಳಿಗೂ ಅವು ಉಪಯುಕ್ತವೆಂದು ಕಂಡುಬಂದಿತು. ಒಂದು ಮನೆಯಲ್ಲಿ ಹಚ್ಚಿದ ದೀಪದ ಬೆಳಕು ನೆರೆಮನೆಗಳಿಗೂ ಹರಿಯಿತು. ಈ ಔಷಧಗಳಿಂದ ಬಂದ ಗೌರವಧನದ ಭಾಗವು ಕೆನಡಿ ದತ್ತಿಗೇ ಹಿಂದಿರುಗಿ, ಮತ್ತೆ ಸಂಶೋಧನೆಗೆ ವಿನಿಯೋಗವಾಗುತ್ತಿದೆ. ಬಿತ್ತಿದ ಬೀಜವು ಮರವಾಗಿ, ಮರವು ಮತ್ತೆ ಬೀಜಗಳನ್ನು ಕೊಟ್ಟಿತು.

ಕುಂದುಗಳೂ ಇಲ್ಲದಿಲ್ಲ. ಟಿ. ಎನ್. ಎಫ್. ನಮ್ಮ ದೇಹವನ್ನು ಕ್ಷಯದಿಂದ ಕಾಪಾಡುವ ಪಡೆಯ ಒಂದು ಅಂಗ. ಅದನ್ನು ತಡೆದರೆ ದೇಹದಲ್ಲಿ ಮಲಗಿರುವ ಕ್ಷಯದ ರೋಗಾಣುಗಳು ಎಚ್ಚರಗೊಳ್ಳಬಹುದೆಂದು ೨೦೦೧ರಲ್ಲಿ ಸ್ಪಷ್ಟವಾಯಿತು. ಕ್ಷಯವು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದನ್ನು ಪರೀಕ್ಷಿಸದೆ ಈ ಔಷಧಗಳನ್ನು ಕೊಡುವಂತಿಲ್ಲ. ಬೆಲೆಯೂ ಸಾಮಾನ್ಯರಿಗೆ ಎಟುಕುವಂತಹದಲ್ಲ. ಇವುಗಳಿಗೆ ಸಮಾನವಾದ ಅಗ್ಗದ ಔಷಧಗಳನ್ನು ಭಾರತದ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಸ್ವಲ್ಪ ಇಳಿದಿದೆ.

ಕಲ್ಲಂಗಡಿಯಿಂದ ರಕ್ತಪರೀಕ್ಷೆಗೆ

ಔಷಧವು ಎಷ್ಟೇ ಒಳ್ಳೆಯದಾದರೂ ಎಲುಬು ಕೊರೆದುಹೋದ ಮೇಲೆ ಕೊಟ್ಟರೆ ಏನು ಫಲ? ಆದುದರಿಂದ ರೋಗವನ್ನು ಬೇಗನೆ ಗುರುತಿಸುವುದೇ ಮುಖ್ಯ. ಇಲ್ಲಿಯೂ ಸಂಶೋಧನೆಯು ವಿಚಿತ್ರವಾದ ದಾರಿಯನ್ನು ಹಿಡಿದು ಬಂದಿದೆ. ಕಲ್ಲಂಗಡಿಯ ರಸದಲ್ಲಿರುವ ಒಂದು ಅಮೈನೋ ಆಮ್ಲವನ್ನು ೧೯೩೦ರಲ್ಲಿ ಜಪಾನಿನ ಮಿತ್ಸುನೋರಿ ವಾಡಾ ಎಂಬವನು ಗುರುತಿಸಿ, ಆ ಹಣ್ಣಿನ ಲ್ಯಾಟಿನ್ ಹೆಸರಿನಿಂದಲೇ ಅದನ್ನು ಸಿಟ್ರುಲಿನ್ ಎಂದು ಕರೆದನು. ಕೀಲುರೋಗಕ್ಕೂ ಕಲ್ಲಂಗಡಿಗೂ ಏನು ಸಂಬಂಧವೆಂದು ಅಂದು ಕೇಳಿದ್ದರೆ ಯಾರೂ ಉತ್ತರ ಹೇಳುತ್ತಿರಲಿಲ್ಲ. ನಮ್ಮ ಪ್ರೋಟೀನುಗಳ ಒಂದು ಘಟಕವು ಕೆಲವೊಮ್ಮೆ ಮಾರ್ಪಟ್ಟು ಸಿಟ್ರುಲಿನ್ ಆಗುತ್ತದೆ. ಹೀಗೆ ಮಾರ್ಪಟ್ಟ ಪ್ರೋಟೀನುಗಳನ್ನು ಸಂಧಿವಾತದ ರೋಗಿಯ ದೇಹವು ಪರಕೀಯವೆಂದು ಬಗೆದು ಅವುಗಳ ಮೇಲೆ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆಂದು ೧೯೯೮ರಲ್ಲಿ ಹಾಲೆಂಡಿನ ವಿಜ್ಞಾನಿಗಳು ತೋರಿಸಿದರು. ಈ ಪ್ರತಿಕಾಯಗಳನ್ನು ಪತ್ತೆಮಾಡುವ ರಕ್ತಪರೀಕ್ಷೆಯು ಈಗ ನಮ್ಮ ನಗರಗಳ ಪ್ರಯೋಗಾಲಯಗಳಲ್ಲಿಯೂ ದೊರೆಯುತ್ತದೆ. ನೋವು ಕಾಣಿಸಿಕೊಳ್ಳುವುದಕ್ಕೆ ಕೆಲವು ವರ್ಷಗಳ ಮೊದಲೇ ಇವು ರಕ್ತದಲ್ಲಿ ಇರುವುದುಂಟು. ಧೂಮಪಾನದಿಂದ ಶ್ವಾಸಕೋಶದ ಪ್ರೋಟೀನುಗಳು ಇಂತಹ ಮಾರ್ಪಾಡಿಗೆ ಒಳಗಾಗುತ್ತವೆಂಬುದೂ ತಿಳಿದುಬಂದಿದೆ. ಬೀಡಿ ಸಿಗರೇಟುಗಳನ್ನು ದೂರವಿಡಲು ಮತ್ತೊಂದು ಕಾರಣ ದೊರೆತಂತಾಯಿತು.

ಬೇಗನೆ ಗುರುತಿಸಿ ಎಡೆಬಿಡದೆ ಗಮನಿಸಿದರೆ ಹಳೆಯ, ಅಗ್ಗದ ಔಷಧಗಳೇ ಎಷ್ಟು ಕೆಲಸ ಮಾಡಬಲ್ಲವೆಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪ್ರಯೋಗವೇ ಸಾಕ್ಷಿ. ಅಲ್ಲಿ ಸುಮಾರು ೧೧೦ ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಮತ್ತೊಂದು ಗುಂಪಿನವರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಉರಿಯೂತ ಉಳಿದಿದ್ದರೆ ಒಡನೆಯೇ ಔಷಧವನ್ನು ಹೆಚ್ಚಿಸಿದರು. ಒಂದೂವರೆ ವರ್ಷದ ಬಳಿಕ ಮೊದಲ ಗುಂಪಿನಲ್ಲಿ ನೂರಕ್ಕೆ ೧೬ ಮಂದಿಯ ರೋಗವು ಶಾಂತವಾಗಿದ್ದರೆ ಎರಡನೆಯದರಲ್ಲಿ ನೂರಕ್ಕೆ ೬೫ ಮಂದಿಯದು ಶಾಂತವಾಗಿತ್ತು. ಇಲ್ಲಿ ಹೊಸ ಔಷಧವೇನೂ ಇರಲಿಲ್ಲ. ಇದ್ದುದು ಗಮನ.

ನಾವು ಮಾಡಬೇಕಾದುದೇನು?

ವಾಚಕರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ರೋಗ ನಮಗಿಲ್ಲವಲ್ಲ, ನಮ್ಮಿಂದೇನಾದೀತು ಎಂದು ಕೇಳಬಹುದು. ಮೊದಲನೆಯದಾಗಿ, ನಿಮ್ಮ ಕಣ್ಣುಗಳಿಂದ ಉಪಕಾರವಾದೀತು. ನಿಮ್ಮ ತಾಯಿಯೋ ಅತ್ತಿಗೆಯೋ ಚಿಕ್ಕಮ್ಮನೋ ಬೆಳಗಿನ ಹೊತ್ತು ಬೆರಳುಗಳು ಬಿಗಿದಿವೆಯೆಂದು ಗಂಟೆಗೂ ಮಿಕ್ಕಿ ಒದ್ದಾಡುವುದು, ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಊದಿರುವುದು, ಕೈಕುಲುಕಿದರೆ ನೋಯುವುದು, ಒದ್ದೆಯ ಬಟ್ಟೆಯನ್ನು ಹಿಂಡಲಾಗದಿರುವುದು, ಇವು ಆರು ವಾರಗಳಾದರೂ ಮುಂದುವರಿದರೆ “ವಯಸ್ಸಾಯಿತು” ಎಂದು ಸುಮ್ಮನಾಗಬಾರದು. ಮನೆಯ ಹೆಂಗಸರು ತಮ್ಮ ನೋವನ್ನು ತಾವೇ ಕೊನೆಗೆ ಹೇಳುವುದು ನಮ್ಮಲ್ಲಿ ರೂಢಿ. ಆದ್ದರಿಂದ ನೀವೇ ಕೇಳಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಆರಂಭದ ತಿಂಗಳುಗಳಲ್ಲಿ ಚಿಕಿತ್ಸೆ ದೊರೆತ ಕೀಲು ಉಳಿಯುವ ಸಂಭವ ಹೆಚ್ಚು.

ಎರಡನೆಯದಾಗಿ, ಮೋಸದಿಂದ ಪಾರುಮಾಡಬಹುದು. ಹೆಸರೂ ವಿವರವೂ ಇಲ್ಲದ ಪುಡಿ ಪೊಟ್ಟಣಗಳು ಕೀಲುನೋವಿಗೆ ರಾಮಬಾಣವೆಂದು ಮಾರಾಟವಾಗುವುದುಂಟು. ಕೆಲವಲ್ಲಿ ಸ್ಟೆರಾಯ್ಡನ್ನು ಗುಟ್ಟಾಗಿ ಬೆರೆಸಿರುತ್ತಾರೆ. ಮೂರು ದಿನಗಳಲ್ಲಿ ನೋವು ಹೋಯಿತೆಂದು ಜನ ಹಿಗ್ಗುತ್ತಾರೆ. ಮೂರು ವರ್ಷಗಳಲ್ಲಿ ಎಲುಬು ಮುರಿಯುತ್ತದೆ. ವೈದ್ಯರು ಕೊಟ್ಟ ಔಷಧದಲ್ಲಿಯೂ ಎಚ್ಚರ ಬೇಕು. ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ಸೇವಿಸುವುದು ವಾರಕ್ಕೆ ಒಂದು ದಿನ ಮಾತ್ರ. ತಪ್ಪಾಗಿ ದಿನವೂ ನುಂಗಿ ಪ್ರಾಣಕ್ಕೆ ಎರವಾದವರುಂಟು. ಅಕ್ಷರ ಬಾರದ ಹಿರಿಯರಿರುವ ಮನೆಯಲ್ಲಿ ಮಾತ್ರೆಯ ವಾರವನ್ನು ಪಂಚಾಂಗದ ಮೇಲೆ ಗುರುತು ಮಾಡಿಕೊಡುವುದು ಒಬ್ಬ ಹೈಸ್ಕೂಲು ವಿದ್ಯಾರ್ಥಿಯಿಂದ ಆಗಬಹುದಾದ ಕೆಲಸವೇ.

ಮೂರನೆಯದಾಗಿ, ಈ ರೋಗದ ಮಾತನ್ನು ನಾಲ್ಕು ಜನರ ನಡುವೆ ಆಡಬೇಕು. ಪ್ರತಿವರ್ಷ ಅಕ್ಟೋಬರ್ ೧೨ನ್ನು ವಿಶ್ವ ಸಂಧಿವಾತ ದಿನವೆಂದು ಆಚರಿಸುತ್ತಾರೆ. ಶಾಲೆ ಕಾಲೇಜುಗಳ ವಿಜ್ಞಾನ ಸಂಘಗಳು ಆ ದಿನ ಒಬ್ಬ ವೈದ್ಯರನ್ನು ಕರೆಸಿ ಉಪನ್ಯಾಸವನ್ನು ಏರ್ಪಡಿಸಬಹುದು. ಕ್ಷಯಕ್ಕೂ ಕುಷ್ಠಕ್ಕೂ ನಾವು ಕೈಲಾದ ಹಣ ಕೊಡುವುದುಂಟು. ಕಾಣದೆ ಕ್ಷೀಣಿಸುವ ಈ ರೋಗಿಗಳ ಪಾಲೂ ಅದರಲ್ಲಿರಬೇಕೆಂದು ಕೇಳುವುದು ನ್ಯಾಯ. ದೇಹದ ಕಾವಲುಗಾರರು ಮೊಟ್ಟಮೊದಲು ಏಕೆ ದಾರಿ ತಪ್ಪುತ್ತಾರೆ? ಹೆಂಗಸರಲ್ಲಿಯೇ ಇದು ಹೆಚ್ಚೇಕೆ? ಯಾವ ರೋಗಿಗೆ ಯಾವ ಔಷಧ ಹಿಡಿಸುವುದೆಂದು ಮೊದಲೇ ಹೇಳುವುದು ಹೇಗೆ? ನೋವು ಬರುವ ಮುಂಚೆಯೇ ತಡೆಯಲಾದೀತೆ? ಈ ಪ್ರಶ್ನೆಗಳಿಗೆ ಇನ್ನೂ ಪೂರ್ತಿಯಾದ ಉತ್ತರಗಳಿಲ್ಲ. ಉತ್ತರಗಳನ್ನು ಹುಡುಕಬೇಕಾದ ಸಂಶೋಧಕರು ಇಂದು ನಮ್ಮ ತರಗತಿಗಳಲ್ಲಿಯೇ ಕುಳಿತಿರಬಹುದು.

ಭೀಮವರದ ಹುಡುಗನೊಬ್ಬನೂ ಲುಧಿಯಾನದ ಹುಡುಗನೊಬ್ಬನೂ ಈ ಕಿಚ್ಚಿಗೆ ನೀರೆರೆದವರ ಸಾಲಿನಲ್ಲಿದ್ದಾರೆ. ಇಬ್ಬರೂ ಆ ಕೆಲಸವನ್ನು ಮಾಡಿದುದು ಪರದೇಶದಲ್ಲಿ, ಅಲ್ಲಿ ಒದಗಿಬಂದ ಹಣ ಮತ್ತು ಪ್ರಯೋಗಾಲಯಗಳ ಆಸರೆಯಿಂದ. ಅಂತಹ ಆಸರೆಯನ್ನು ಇಲ್ಲಿಯೇ ಕಟ್ಟಿಕೊಡುವುದು ನಮ್ಮ ಹೊಣೆ. ರೆನ್ವಾರನ ಕಾಲದಲ್ಲಿ ರೋಗಿಗೆ ಇದ್ದುದು ಛಲವೊಂದೇ. ಇಂದಿನ ರೋಗಿಗೆ ಔಷಧಗಳಿವೆ; ಅವು ಸಕಾಲದಲ್ಲಿ ಆ ಕೈಗಳನ್ನು ಮುಟ್ಟುವಂತೆ ಮಾಡಬೇಕಾದವರು ನಾವು.